ಬಂದೂಕಿನ ನಾಡಿನಲ್ಲಿ ಬರಿಗೈ ಸೈನ್ಯ

ಎಲ್ಲರಿಗೂ ನಮಸ್ಕಾರ.

ಅಹಿಂಸೆಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಅದೆಲ್ಲ ಸಾಧು ಜನರಿಗೆ ಸರಿ ಸ್ವಾಮಿ, ಮಾತಿಗೆ ಮುಂಚೆ ಕೈ ಎತ್ತುವ ಊರಲ್ಲಿ ನಡೆಯುತ್ತಾ?” ಇದಕ್ಕೆ ನನ್ನ ಉತ್ತರ ಖಾನ್ ಅಬ್ದುಲ್ ಗಫಾರ್ ಖಾನ್. ಪಠಾಣರಿಗೆ ಅವರು ಬಾಚಾ ಖಾನ್. ನಮಗೆ ಶಾಲೆಯಲ್ಲಿ ಕಲಿಸಿದ ಹೆಸರು ‘ಗಡಿನಾಡ ಗಾಂಧಿ’. ಪ್ರೀತಿಯಿಂದ ಇಟ್ಟ ಹೆಸರೇ, ಆದರೆ ಅದರಿಂದ ಅವರು ಯಾರದೋ ನಕಲು ಅನ್ನಿಸಿಬಿಡುತ್ತದೆ. ಅವರು ತಮ್ಮೂರಿನಲ್ಲಿ ಮೊದಲ ಶಾಲೆ ತೆರೆದದ್ದು 1910ರಲ್ಲಿ. ಆಗ ಗಾಂಧೀಜಿ ಇನ್ನೂ ದಕ್ಷಿಣ ಆಫ್ರಿಕಾದಲ್ಲಿದ್ದರು.

ಹುಟ್ಟಿದ್ದು 1890ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಪೇಶಾವರಕ್ಕೆ ಹತ್ತಿರದ ಉತ್ಮಾನ್‌ಜೈ ಊರಲ್ಲಿ. ಜಮೀನ್ದಾರರ ಮನೆ. ಓದಿದ್ದು ಪೇಶಾವರದ ಮಿಷನ್ ಶಾಲೆಯಲ್ಲಿ. ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗುವ ಅವಕಾಶ ಬಂದಿತ್ತು. ಆದರೆ ಅದೇ ಸೈನ್ಯದಲ್ಲಿದ್ದ ಪರಿಚಿತನನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ಎಲ್ಲರೆದುರು ಹೀನಾಯವಾಗಿ ಬೈದದ್ದನ್ನು ಕಂಡರು. ಆ ಕೆಲಸವೇ ಬೇಡ ಎಂದರು. ಅಣ್ಣ ಇಂಗ್ಲೆಂಡಿಗೆ ಹೋಗಿ ಡಾಕ್ಟರಾದರು, ಮುಂದೆ ಅವರೇ ಡಾ. ಖಾನ್ ಸಾಹಿಬ್ ಎಂದು ಪ್ರಸಿದ್ಧರಾದರು. ತಮ್ಮನಿಗೂ ಹೋಗುವ ಆಸೆಯಿತ್ತು. ತಾಯಿ ಒಪ್ಪಲಿಲ್ಲ.

ಅವರು ಕೆಲಸ ಶುರು ಮಾಡಿದ ನೆಲ ಎಂಥದ್ದು ನೋಡಿ. ಅಲ್ಲಿ ಸೇಡು ತೀರಿಸಿಕೊಳ್ಳುವುದು ಮರ್ಯಾದೆಯ ಪ್ರಶ್ನೆ. ಅಜ್ಜನ ಕಾಲದ ಕೊಲೆಗೆ ಮೊಮ್ಮಗ ಉತ್ತರ ಕೊಡಬೇಕು. ಅವರೊಳಗೇ ಹೀಗೆ ಹೊಡೆದಾಡಿಕೊಂಡರೆ ಬ್ರಿಟಿಷರಿಗೆ ಅನುಕೂಲವೇ. ಬಾಚಾ ಖಾನ್ ಊರೂರು ತಿರುಗಿ ಶಾಲೆ ಶುರು ಮಾಡಿಸಿದರು. 1921ರಲ್ಲಿ ಮತ್ತೆ ಉತ್ಮಾನ್‌ಜೈನಲ್ಲಿ ಆಜಾದ್ ಶಾಲೆ ತೆರೆದರು. ಅದೇ ವರ್ಷದ ಕೊನೆಗೆ ಮೂರು ವರ್ಷದ ಜೈಲು. 1928ರಲ್ಲಿ ‘ಪಖ್ತೂನ್’ ಎಂಬ ಪತ್ರಿಕೆ ತಂದರು. ಅದರಲ್ಲಿ ಹೆಂಗಸರೂ ಬರೆಯುತ್ತಿದ್ದರು, ತಮ್ಮ ಗಂಡಸರನ್ನು ಟೀಕಿಸಿಯೇ ಬರೆಯುತ್ತಿದ್ದರು.

1929ರಲ್ಲಿ ಖುದಾಯಿ ಖಿದ್ಮತ್‌ಗಾರ್ ಹುಟ್ಟಿತು. ದೇವರ ಸೇವಕರ ಸಂಘ ಅನ್ನಿ. ಇದು ನೋಡುವುದಕ್ಕೆ ಪೂರ್ತಿ ಸೈನ್ಯವೇ. ಜರ್ನೈಲ್, ಕರ್ನೈಲ್ (ಅಂದರೆ ಜನರಲ್, ಕರ್ನಲ್) ಎಂಬ ಹುದ್ದೆಗಳು, ಕವಾಯತು, ಡೋಲು, ಬ್ಯಾಗ್‌ಪೈಪು, ಸಮವಸ್ತ್ರ ಎಲ್ಲ ಇತ್ತು. ಬಂದೂಕು ಮಾತ್ರ ಇರಲಿಲ್ಲ. ಸೇರುವವರು ದೇವರ ಹೆಸರಲ್ಲಿ ಆಣೆ ಮಾಡಬೇಕಿತ್ತು: ಸೇಡು ತೀರಿಸುವುದಿಲ್ಲ, ಹಿಂಸೆ ಕೊಟ್ಟವರನ್ನು ಕ್ಷಮಿಸುತ್ತೇನೆ, ದಿನಕ್ಕೆ ಎರಡು ಗಂಟೆಯಾದರೂ ಜನರ ಕೆಲಸ ಮಾಡುತ್ತೇನೆ. ಪಠಾಣನಿಗೆ ಆಣೆ ಅಂದರೆ ಹುಡುಗಾಟವಲ್ಲ, ತಪ್ಪಿದರೆ ಮುಖ ತೋರಿಸುವ ಹಾಗಿಲ್ಲ. ಸೇಡಿಗೆ ಬಳಕೆಯಾಗುತ್ತಿದ್ದ ಅದೇ ಮರ್ಯಾದೆಯನ್ನು ಬಾಚಾ ಖಾನ್ ಕ್ಷಮೆಗೆ ಕಟ್ಟಿಹಾಕಿದರು. ಅವರ ದೊಡ್ಡ ಜಾಣತನ ಇದೇ ಅಂತ ನನಗನ್ನಿಸುತ್ತದೆ. ತಾಳ್ಮೆಯೇ ಪ್ರವಾದಿ ಮುಹಮ್ಮದರ ಆಯುಧ, ಮೆಕ್ಕಾದಲ್ಲಿ ಅವರು ಹಿಡಿದದ್ದು ಅದನ್ನೇ ಎಂದು ತಮ್ಮ ಜನಕ್ಕೆ ಹೇಳುತ್ತಿದ್ದರು. ಅವರ ಅಹಿಂಸೆ ಬಂದದ್ದು ಅವರ ನಮಾಜಿನಿಂದಲೇ.

ಇವರ ಸಮವಸ್ತ್ರದ ಬಟ್ಟೆ ಕೆಂಪಾದದ್ದರ ಹಿಂದೆ ದೊಡ್ಡ ತತ್ವವೇನೂ ಇಲ್ಲ. ಬಿಳಿ ಬಟ್ಟೆ ಬೇಗ ಕೊಳೆಯಾಗುತ್ತಿತ್ತು. ಚರ್ಮ ಹದ ಮಾಡುವ ಕಡೆ ಸುಲಭಕ್ಕೆ ಸಿಗುತ್ತಿದ್ದ ಬಣ್ಣದಲ್ಲಿ ಅದ್ದಿದರು, ಅಷ್ಟೇ. ಬ್ರಿಟಿಷರು ಮಾತ್ರ ರಷ್ಯಾದ ಕಮ್ಯುನಿಸ್ಟರೇ ಬಂದರು ಎಂದು ಗಾಬರಿಯಾದರು! ಸುಮಾರು ಇದೇ ಕಾಲಕ್ಕೆ ನಮ್ಮ ಹುಬ್ಬಳ್ಳಿಯ ನಾ. ಸು. ಹರ್ಡೀಕರ್ ಅವರೂ ಕಾಂಗ್ರೆಸ್ಸಿನ ಸೇವಾದಳದ ಹುಡುಗರಿಗೆ ಕವಾಯತು ಕಲಿಸುತ್ತಿದ್ದರು. ಶಿಸ್ತು ಇಲ್ಲದೆ ಸತ್ಯಾಗ್ರಹ ನಡೆಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

1930ರ ಏಪ್ರಿಲ್ 23ರಂದು ಪರೀಕ್ಷೆ ಬಂತು. ಬಾಚಾ ಖಾನ್ ಬಂಧನವಾಗಿತ್ತು. ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಜನ ಸೇರಿದರು. ಸೈನ್ಯದ ಗಾಡಿಗಳು ಗುಂಪಿನ ಮೇಲೆ ನುಗ್ಗಿದವು, ಗುಂಡು ಹಾರಿತು. ಮುಂದಿದ್ದವರು ಬಿದ್ದರೆ ಹಿಂದಿದ್ದವರು ಆ ಜಾಗಕ್ಕೆ ಬಂದು ನಿಂತರು. ಸತ್ತವರು ಎಷ್ಟು ಅಂದರೆ ಸರ್ಕಾರದ ಲೆಕ್ಕ ಬೇರೆ, ಜನರ ಲೆಕ್ಕ ನೂರಾರು. ಕಾಂಗ್ರೆಸ್ ನೇಮಿಸಿದ ವಿಠ್ಠಲಭಾಯಿ ಪಟೇಲರ ಸಮಿತಿ ವಿಚಾರಣೆ ಮಾಡಿ ಬರೆದ ವರದಿಯನ್ನು ಸರ್ಕಾರ ನಿಷೇಧಿಸಿತು. ಅವತ್ತು ಗಢವಾಲ್ ರೈಫಲ್ಸ್‌ನ ಸೈನಿಕರು ಗುಂಡು ಹಾರಿಸಲು ಒಪ್ಪಲಿಲ್ಲ. ಅವರ ನಾಯಕ ಚಂದ್ರಸಿಂಗ್ ಗಢವಾಲಿ. ಎದುರಿಗಿದ್ದವರು ಮುಸ್ಲಿಮರು, ಬಂದೂಕು ಇಳಿಸಿದವರು ಹಿಂದೂಗಳು. ಅದಕ್ಕಾಗಿ ಚಂದ್ರಸಿಂಗ್ ಹತ್ತು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿದ್ದರು.

ಬೇರೆ ಪ್ರಾಂತಗಳಿಗೆ ಎಂದೋ ಸಿಕ್ಕಿದ್ದ ಶಾಸನ ಸಭೆ ಪೇಶಾವರವಿದ್ದ ಈ ಗಡಿ ಪ್ರಾಂತಕ್ಕೆ ಸಿಕ್ಕಿದ್ದು 1932ರಲ್ಲಿ. ಈ ಜನ ಎದ್ದು ನಿಲ್ಲದಿದ್ದರೆ ಅದೂ ಸಿಗುತ್ತಿರಲಿಲ್ಲ. ಖಿದ್ಮತ್‌ಗಾರರು ಅಷ್ಟರಲ್ಲಿ ಕಾಂಗ್ರೆಸ್ ಜೊತೆ ಸೇರಿದ್ದರು, 1937ರಲ್ಲಿ ಡಾ. ಖಾನ್ ಸಾಹಿಬ್ ಅಲ್ಲಿ ಕಾಂಗ್ರೆಸ್ ಸರ್ಕಾರ ರಚಿಸಿದರು. 1940ರಲ್ಲಿ ಕಾಂಗ್ರೆಸ್ ಷರತ್ತು ಹಾಕಿ ಎರಡನೇ ಮಹಾಯುದ್ಧಕ್ಕೆ ಸಹಕಾರ ಕೊಡಲು ಮುಂದಾದಾಗ ಬಾಚಾ ಖಾನ್ ಕಾರ್ಯಕಾರಿ ಸಮಿತಿ ಬಿಟ್ಟು ಹೊರಬಂದರು. ಅಹಿಂಸೆ ಅವರಿಗೆ ತಂತ್ರವಾಗಿರಲಿಲ್ಲ, ಅಲ್ವಾ?

ಇನ್ನು 1947. ಹಿಂದಿನ ವರ್ಷವಷ್ಟೇ ಆ ಪ್ರಾಂತದ 50 ಸ್ಥಾನಗಳಲ್ಲಿ ಕಾಂಗ್ರೆಸ್ 30 ಗೆದ್ದಿತ್ತು. ಆದರೂ ದೆಹಲಿಯಲ್ಲಿ ಕಾಂಗ್ರೆಸ್ಸಿನ ದೊಡ್ಡವರು ಜನಮತ ಸಂಗ್ರಹಕ್ಕೆ ಒಪ್ಪಿಕೊಂಡರು. ಭಾರತವೋ ಪಾಕಿಸ್ತಾನವೋ, ಎರಡೇ ಆಯ್ಕೆ. ನಮ್ಮನ್ನು ತೋಳಗಳ ಬಾಯಿಗೆ ಎಸೆದಿರಿ ಎಂದು ಬಾಚಾ ಖಾನ್ ನೊಂದು ಹೇಳಿದರು. ಪಠಾಣರದೇ ನಾಡು ಎಂಬ ಮೂರನೆಯ ಆಯ್ಕೆ ಬೇಕೆಂದು ಕೇಳಿದರು, ಕೊಡಲಿಲ್ಲ. ಕೊನೆಗೆ ಮತದಾನವನ್ನೇ ಬಹಿಷ್ಕರಿಸಿದರು. ಪಾಕಿಸ್ತಾನಕ್ಕೆ 2,89,244 ಮತ, ಭಾರತಕ್ಕೆ 2,874. ಮತ ಹಾಕಿದವರು ಅರ್ಧದಷ್ಟು ಜನ. ಕಾಂಗ್ರೆಸ್ ಮಾಡಿದ್ದು ನಂಬಿಕೆದ್ರೋಹವೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಹಿಷ್ಕಾರವೂ ತಪ್ಪು ಲೆಕ್ಕ ಎಂದೇ ನನ್ನ ಅಭಿಪ್ರಾಯ. ಮನೆಯಲ್ಲೇ ಉಳಿದವರ ಮಾತು ಯಾವ ಲೆಕ್ಕಕ್ಕೂ ಬರಲಿಲ್ಲ. ಆಗಸ್ಟ್ 22ಕ್ಕೆ, ಸ್ವಾತಂತ್ರ್ಯ ಬಂದ ಸುಮಾರು ಒಂದು ವಾರಕ್ಕೇ, ಅಣ್ಣನ ಸರ್ಕಾರವನ್ನು ವಜಾ ಮಾಡಿದರು.

ಬಾಚಾ ಖಾನ್ ಪಾಕಿಸ್ತಾನವನ್ನು ಒಪ್ಪಿಕೊಂಡು ಅದರ ಸಂವಿಧಾನ ಸಭೆಯಲ್ಲಿ ಪ್ರಮಾಣ ಮಾಡಿದರು. ಆದರೂ 1948ರಲ್ಲಿ ಜೈಲಿಗೆ ಹಾಕಿದರು. ಅದೇ ಆಗಸ್ಟ್ 12ರಂದು ಚಾರ್ಸಡ್ಡಾದ ಬಾಬ್ರಾದಲ್ಲಿ ಖಿದ್ಮತ್‌ಗಾರರ ಮೇಲೆ ಗುಂಡು ಹಾರಿತು. ಆಗ ಮುಖ್ಯಮಂತ್ರಿಯಾಗಿದ್ದವರು ಅಬ್ದುಲ್ ಖಯ್ಯೂಮ್ ಖಾನ್. ಕೆಲವೇ ವರ್ಷಗಳ ಹಿಂದೆ ಅವರೂ ಕಾಂಗ್ರೆಸ್ಸಿಗರೇ! ಸಂಘಟನೆಯನ್ನೇ ನಿಷೇಧಿಸಲಾಯಿತು. ಬ್ರಿಟಿಷ್, ಪಾಕಿಸ್ತಾನ ಎರಡೂ ಸರ್ಕಾರಗಳ ಕಾಲದ ಬಾಚಾ ಖಾನ್ ಜೈಲುವಾಸ ಕೂಡಿದರೆ ಮೂವತ್ತು ವರ್ಷದ ಹತ್ತಿರ ಬರುತ್ತದೆ.

1969ರಲ್ಲಿ, ಗಾಂಧಿ ಶತಮಾನೋತ್ಸವಕ್ಕೆ ಅವರು ಭಾರತಕ್ಕೆ ಬಂದರು. ಬಟ್ಟೆಯ ಗಂಟನ್ನು ಬೇರೆಯವರ ಕೈಗೆ ಕೊಡದೆ ತಾವೇ ಹಿಡಿದಿದ್ದರು ಎನ್ನುತ್ತಾರೆ. ಆಗಷ್ಟೇ ಅಹಮದಾಬಾದಿನಲ್ಲಿ ಕೋಮುಗಲಭೆ ನಡೆದಿತ್ತು. ಉತ್ಸವಕ್ಕೆ ಕರೆಸಿಕೊಂಡ ಅತಿಥಿ ಮೂರು ದಿನ ಉಪವಾಸ ಕುಳಿತರು. ಗಾಂಧಿಯನ್ನು ನೀವು ಮರೆತಿದ್ದೀರಿ ಎಂದು ನೇರವಾಗಿಯೇ ಬೈದರು. 1987ರಲ್ಲಿ ಅವರಿಗೆ ಭಾರತ ರತ್ನ ಸಿಕ್ಕಿತು. ಮರುವರ್ಷ ಜನವರಿ 20ರಂದು ಪೇಶಾವರದಲ್ಲಿ ತೀರಿಕೊಂಡರು.

ಬಹಿಷ್ಕಾರದ ಬಗ್ಗೆ ನಾನು ಹೇಳಿದ್ದು ಕೆಲವರಿಗೆ ಹಿಡಿಸಿಲ್ಲ, ಮುಖ ನೋಡಿದರೇ ಗೊತ್ತಾಗುತ್ತದೆ. ಎರಡೂ ಬೇಡ ಎನ್ನುವವನು ಯಾಕೆ ಮತ ಹಾಕಬೇಕು ಅಂತ ಕೇಳುತ್ತೀರಿ, ಸರಿ. ಮೈಕು ಆ ಕಡೆಗೆ ಕೊಡಿ, ಅಲ್ಲಿಂದಲೇ ಶುರು ಮಾಡೋಣ.