ಆ ಹುಡುಗ ನಗುತ್ತಿದ್ದಾನೆ

ಒಂದು ಚಿತ್ರದ ಬಗ್ಗೆ ಇವತ್ತು ಮಾತಾಡಲೇಬೇಕು. ಕಪ್ಪು-ಬಿಳುಪು ಫೋಟೋ. ನಡುವೆ ಒಬ್ಬ ಪುಟ್ಟ ಹುಡುಗ. ಮುಂದೆ ಬಂದ ಹಲ್ಲು, ಬಾಯಿ ತುಂಬ ನಗು. ಅವನ ಎರಡೂ ಕಡೆ ಒತ್ತೊತ್ತಾಗಿ ಅಚ್ಚಾದ ಸಾಲುಗಳು. ಆ ಸಾಲುಗಳು ಹೇಳುವುದು ಇಷ್ಟು: ಈ ಹುಡುಗ ಮುಂದೆ ದೊಡ್ಡವನಾಗುತ್ತಾನೆ, ಆಗ ಮನೆಯವರು, ಶಾಲೆ, ಚರ್ಚು, ಸರ್ಕಾರ ಎಲ್ಲರೂ ಸೇರಿ ಅವನ ಬಾಯಿ ಮುಚ್ಚಿಸಲು ನೋಡುತ್ತಾರೆ. ಕರೆಂಟ್ ಶಾಕ್ ಕೊಡುತ್ತಾರೆ. ಮನೆ ಹೋಗುತ್ತದೆ, ಕೆಲಸ ಹೋಗುತ್ತದೆ. ಯಾಕೆ? ಅವನಿಗೆ ಇಷ್ಟವಾಗುವುದು ಇನ್ನೊಬ್ಬ ಹುಡುಗ. ಅಷ್ಟೇ ಕಾರಣ.

ಅಮೆರಿಕದ ಕಲಾವಿದ ಡೇವಿಡ್ ವೋಯ್ನಾರೋವಿಚ್ 1990ರಲ್ಲಿ ಮಾಡಿದ ಕೆಲಸ ಇದು. ಫೋಟೋದಲ್ಲಿರುವ ಹುಡುಗ ಅವರೇ. 1992ರಲ್ಲಿ, 37ನೇ ವಯಸ್ಸಿಗೆ ಏಡ್ಸ್‌ನಿಂದ ತೀರಿಕೊಂಡರು. ಚಿಕ್ಕಂದಿನಲ್ಲಿ ಅಪ್ಪನ ಕೈಯಲ್ಲಿ ಪೆಟ್ಟು ತಿಂದು ಬೆಳೆದವರು.

ಈ ಕೊನೆಯ ವಿಷಯ ಗೊತ್ತಾದ ಕೂಡಲೇ ಕೆಲವರು ಹೇಳುತ್ತಾರೆ, 'ಓ, ಅದಕ್ಕೇ ಹೀಗಾದ'. ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಡೆತದಿಂದ ಯಾರೂ ಗೇ ಆಗುವುದಿಲ್ಲ. ಹಾಗೆ ಅಂದರೆ ದೌರ್ಜನ್ಯ ಮಾಡಿದವನಿಗೆ ಆ ಬದುಕಿನ ಹಕ್ಕುಪತ್ರ ಬರೆದುಕೊಟ್ಟ ಹಾಗಾಯಿತು, ಅಲ್ವಾ? ಪ್ರೀತಿಸುವ ರೀತಿಯೂ ಅವನು ಕೊಟ್ಟದ್ದೇ ಅನ್ನುವ ಹಾಗೆ!

ಅಮೆರಿಕದ ಫೋಟೋಗ್ರಾಫರ್ ನ್ಯಾನ್ ಗೋಲ್ಡಿನ್ ಅವರ 1984ರ ಫೋಟೋ ಇನ್ನೊಂದು. ಗಂಡಸರನ್ನೂ ಹೆಂಗಸರನ್ನೂ ಪ್ರೀತಿಸಿದವರು, ಕ್ವಿಯರ್ (ಗೇ, ಲೆಸ್ಬಿಯನ್, ಟ್ರಾನ್ಸ್ ಮುಂತಾದ) ಗೆಳೆಯರ ಬದುಕನ್ನು ವರ್ಷಗಟ್ಟಲೆ ಕ್ಯಾಮೆರಾದಲ್ಲಿ ಹಿಡಿದವರು. ಜೊತೆಗಿದ್ದ ಗಂಡಸು ಹೊಡೆದು ಒಂದು ತಿಂಗಳಾದ ಮೇಲಿನ ಅವರದೇ ಮುಖ ಇದು. ಒಂದು ಕಣ್ಣಿನ ಬಿಳಿಗುಡ್ಡೆ ಇನ್ನೂ ರಕ್ತಗೆಂಪು. ಕೊರಳಲ್ಲಿ ಮುತ್ತಿನ ಸರ, ಕಿವಿಯಲ್ಲಿ ಓಲೆ, ತುಟಿಗೆ ಕೆಂಪು ಲಿಪ್‌ಸ್ಟಿಕ್. ನೋಟ ನೇರವಾಗಿ ನಮ್ಮ ಕಡೆ. ಮತ್ತೆ ಅವನ ಹತ್ತಿರ ಹೋಗಬಾರದು, ಅದಕ್ಕೇ ಈ ಫೋಟೋ ಅಂತ ಅವರೇ ಹೇಳಿದ್ದಾರೆ.

ಜಾಸ್ತಿ ಜನ ಮೊದಲು ನೋಡುವುದು ಆ ಕಣ್ಣನ್ನು. ನಾನೂ ಹಾಗೇ ನೋಡಿದೆ. ಆಮೇಲೆ ಲಿಪ್‌ಸ್ಟಿಕ್ ಕಂಡಿತು. ಕಣ್ಣಿನ ಗಾಯ ಅವನು ಮಾಡಿದ್ದು. ಲಿಪ್‌ಸ್ಟಿಕ್ ಅವರೇ ಹಚ್ಚಿಕೊಂಡಿದ್ದು. ಎರಡೂ ಕೆಂಪೇ. ನನ್ನ ಪಾಲಿಗೆ ಇಡೀ ಫೋಟೋ ಇರುವುದು ಆ ವ್ಯತ್ಯಾಸದಲ್ಲಿ.

ಇದನ್ನು ನೋಡಿದ ಮೇಲೆ ಮತ್ತೆ ಆ ಹುಡುಗನ ಹತ್ತಿರ ಬಂದೆ. ಅವನಲ್ಲಿ ಸರಿಮಾಡಬೇಕಾದ್ದು ಏನೂ ಇಲ್ಲ. ಕೆಟ್ಟದ್ದೆಲ್ಲ ಸುತ್ತಲಿನ ಅಕ್ಷರಗಳಲ್ಲಿದೆ. ಅಷ್ಟೊಂದು ಸಾಲುಗಳಲ್ಲಿ ಒಂದೇ ಒಂದು ಅಕ್ಷರವೂ ಅವನ ಮುಖದ ಮೇಲೆ ಬಿದ್ದಿಲ್ಲ.