ಬೀಜ ತೆನೆಯಲ್ಲೇ ಯಾಕೆ ಮೊಳೆಯಲ್ಲ?

[ದೃಶ್ಯ: ಮೆಕ್ಕೆಜೋಳದ ತೆನೆ, ತೀರಾ ಹತ್ತಿರದಿಂದ. ಕಾಳಿನ ಸಾಲುಗಳ ನಡುವೆ ಹಸಿರು ಮೊಳಕೆ.]

ನೋಡಿ, ಈ ತೆನೆ ಇನ್ನೂ ಗಿಡದಲ್ಲೇ ಇದೆ. ಕಾಳು ಒಣಗಿಲ್ಲ, ಮಣ್ಣಿಗೆ ಬಿದ್ದಿಲ್ಲ, ಆಗಲೇ ಮೊಳಕೆ ಒಡೆದಿದೆ. ಕೆಟ್ಟಿರೋದು ಒಂದೇ ಒಂದು ಜೀನ್. ಹೆಸರು ವಿವಿಪ್ಯಾರಸ್-1. ಕುತೂಹಲದ ವಿಷಯ ಏನಂದ್ರೆ, ಮೊಳಕೆಯನ್ನ ತಡೆಯೋ ಅಬ್ಸಿಸಿಕ್ ಆಮ್ಲ, ಅಂದ್ರೆ ಎಬಿಎ ಹಾರ್ಮೋನು, ಈ ಕಾಳಲ್ಲಿ ಸಾಕಷ್ಟಿದೆ. ಅದರ ಮಾತು ಜೀನ್‌ಗಳವರೆಗೆ ಮುಟ್ತಾ ಇಲ್ಲ, ಅಷ್ಟೇ.

ಹಾಗಾದ್ರೆ ಸರಿಯಾಗಿರೋ ಬೀಜದಲ್ಲಿ ಆ ಮಾತು ಹೇಗೆ ಮುಟ್ಟುತ್ತೆ?

[ಆನಿಮೇಶನ್: ಭ್ರೂಣದ ಒಂದು ಜೀವಕೋಶ]

ಹಾರ್ಮೋನು ತಾನೇ ಹೋಗಿ ಡಿಎನ್‌ಎ ಹಿಡಿಯಲ್ಲ. ಎಬಿಎ ಇಲ್ಲದಿದ್ದಾಗ ಪಿಪಿ2ಸಿ ಅನ್ನೋ ಕಿಣ್ವಗಳು ಸ್ನಾರ್ಕ್2 ಅನ್ನೋ ಕಿಣ್ವಗಳ ಮೇಲಿನ ಫಾಸ್ಫೇಟ್ ಕಿತ್ತು ಅವನ್ನ ಸುಮ್ಮನೆ ಕೂರಿಸಿರ್ತವೆ. ಬೀಜ ಬಲಿಯೋ ಹೊತ್ತಿಗೆ ಎಬಿಎ ಏರುತ್ತೆ, ತನ್ನನ್ನ ಗುರುತಿಸೋ ಗ್ರಾಹಕ ಪ್ರೋಟೀನಿನ ಗುಳಿಯೊಳಗೆ ಕೂರುತ್ತೆ. ಗ್ರಾಹಕದ ಆಕಾರ ಬದಲಾಗಿ ಅದು ಪಿಪಿ2ಸಿಯನ್ನೇ ಹಿಡಿದುಹಾಕುತ್ತೆ. ತಡೆಯೋನಿಗೇ ತಡೆ! ಈ ಗ್ರಾಹಕಗಳು ಖಚಿತವಾಗಿ ಗೊತ್ತಾಗಿದ್ದು 2009ರಲ್ಲಿ. ಎಬಿಎ ಪತ್ತೆಯಾಗಿದ್ದು 1960ರ ದಶಕದಲ್ಲಿ ಅನ್ನೋದನ್ನ ನೆನೆದರೆ, ಎಷ್ಟು ಕಾಲ ಹಿಡೀತು ನೋಡಿ.

ಬಿಡುಗಡೆಯಾದ ಸ್ನಾರ್ಕ್2, ಜೀನ್‌ಗಳನ್ನ ಚಾಲೂ ಮಾಡೋ ಎಬಿಐ5 ಅನ್ನೋ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಅದನ್ನ ಎಬ್ಬಿಸುತ್ತೆ.

[ತೆರೆಯ ಮೇಲೆ ಅಕ್ಷರಗಳು: ಎ ಸಿ ಜಿ ಟಿ ಜಿ]

ಜೀನ್‌ನ ಮುಂಭಾಗದಲ್ಲಿ ಡಿಎನ್‌ಎಯ ಈ ಐದಕ್ಷರ ಇರೋ ಕಡೆ ಎಬಿಐ5 ಹೋಗಿ ಕೂರುತ್ತೆ. ಜೊತೆಗೆ ವಿವಿಪ್ಯಾರಸ್-1 ಜೀನ್‌ನ ಪ್ರೋಟೀನೂ ಸೇರಬೇಕು. ಇಬ್ಬರೂ ಸೇರಿದಾಗ ಲಿಯಾ ಪ್ರೋಟೀನ್‌ಗಳ ಜೀನ್‌ಗಳು ಜೋರಾಗಿ ಓದಲ್ಪಡ್ತವೆ. ನೀರಿನ ಬಹುಪಾಲು ಹೋದರೂ ಕೋಶದೊಳಗಿನ ಪೊರೆ, ಪ್ರೋಟೀನುಗಳು ಹಾಳಾಗದಂತೆ ಕಾಯೋದು ಇವೇ. ಬೀಜ ಒಣಗಿಯೂ ಬದುಕಿರೋದಕ್ಕೆ ಇದು ದೊಡ್ಡ ಕಾರಣ.

ಮೊಳೆಯೋ ಕಾಲಕ್ಕೆ ಜಿಬ್ಬರೆಲಿನ್ ಅನ್ನೋ, ಮೊಳಕೆಗೆ ದಾರಿ ಬಿಡೋ ಇನ್ನೊಂದು ಹಾರ್ಮೋನು ಮೇಲುಗೈ ಪಡೆಯುತ್ತೆ. ಅದು ಡೆಲ್ಲಾ ಅನ್ನೋ ತಡೆ ಪ್ರೋಟೀನ್‌ಗಳನ್ನ ಕೋಶವೇ ಒಡೆದುಹಾಕೋ ಹಾಗೆ ಮಾಡುತ್ತೆ. ಆಮೇಲೆ ಧಾನ್ಯಗಳಲ್ಲಿ ಪಿಷ್ಟ ಒಡೆಯೋ ಕಿಣ್ವವಾದ ಆಲ್ಫಾ-ಅಮೈಲೇಸ್‌ನ ಜೀನ್ ಚಾಲೂ ಆಗಿ ಪಿಷ್ಟ ಸಕ್ಕರೆಯಾಗುತ್ತೆ.

[ದೃಶ್ಯ: ಮಳೆಗೆ ನೆನೆದ ಗೋಧಿ ತೆನೆ]

ಇದೇ ಅಮೈಲೇಸ್ ಕಟಾವಿಗೆ ಮೊದಲೇ ಎದ್ದರೆ ಗೋಧಿ ಹಿಟ್ಟಿನ ಗುಣವೇ ಕೆಡುತ್ತೆ. ಗೋಧಿಯಲ್ಲೂ ವಿವಿಪ್ಯಾರಸ್-1 ಇದೆ. ಆದರೆ ಅದರ ಆರ್‌ಎನ್‌ಎಯ ಬಹಳಷ್ಟು ಪ್ರತಿಗಳು ತಪ್ಪಾಗಿ ಕತ್ತರಿಸಿ ಜೋಡಣೆಯಾಗ್ತವೆ, ಪೂರ್ತಿ ಪ್ರೋಟೀನ್ ಕಡಿಮೆ ಸಿಗುತ್ತೆ. ತೆನೆಯಲ್ಲೇ ಮೊಳೆಯದ ತಳಿ ಬೇಕು ಅನ್ನೋ ಸಂಶೋಧಕರು ಈ ಜೀನ್ ಮೇಲೆ ಕಣ್ಣಿಟ್ಟಿರೋದು ಅದಕ್ಕೇ.