ಕರೆ ಅವರದು, ಮರುಕರೆ ನಮ್ಮದು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಪಾರ್ಕಿನ ಹರಟೆ ಬಿಟ್ಟು ಇಲ್ಲಿ ಬಂದು ಕೂತಿದ್ದೀರಿ, ಹಾಗಾಗಿ ಪೀಠಿಕೆ ಉದ್ದ ಮಾಡುವುದಿಲ್ಲ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯೇ? ಸರಿ.

ಕರಪತ್ರದಲ್ಲಿ ‘ಬ್ಯಾಂಕಿನ ಕರೆ ಅಸಲಿಯೋ ನಕಲಿಯೋ ಪತ್ತೆ ಹಚ್ಚುವುದು ಹೇಗೆ’ ಎಂದು ಹಾಕಿಸಿದ್ದೀರಿ. ನಿವೃತ್ತಿಯಾಗುವ ತನಕ ಬ್ಯಾಂಕಿನಲ್ಲೇ ಇದ್ದವನಾಗಿ ನನ್ನ ಉತ್ತರ ನಿಮಗೆ ನಿರಾಸೆ ತರಬಹುದು. ಆ ಕಡೆಯವರ ಮಾತು ಕೇಳುತ್ತಾ ಕೇಳುತ್ತಾ ಪತ್ತೆ ಹಚ್ಚಲು ಆಗುವುದಿಲ್ಲ. ನನಗೂ ಆಗುವುದಿಲ್ಲ. ಧ್ವನಿ, ನಂಬರು, ಪರದೆಯ ಮೇಲೆ ಕಾಣುವ ಹೆಸರು, ಹಿಂದೆ ಕೇಳಿಸುವ ಕಾಲ್ ಸೆಂಟರಿನ ಗಿಜಿಗಿಜಿ, ಎಲ್ಲವೂ ಕರೆ ಮಾಡಿದವನ ಕೈಯಲ್ಲಿರುತ್ತದೆ. ಅವನು ತೋರಿಸಿದ್ದನ್ನು ನೋಡಿ ಅವನು ಯಾರೆಂದು ತೀರ್ಮಾನಿಸುವುದು ಯಾವ ನ್ಯಾಯ? ಕರೆ ಕಟ್ ಮಾಡಿ, ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ನೀವೇ ಕರೆ ಮಾಡಿದಾಗ ಮಾತ್ರ ಸತ್ಯ ಗೊತ್ತಾಗುತ್ತದೆ. ನಾನು ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟು ಸುಲಭದ ಕೆಲಸ ಆ ಹೊತ್ತಿನಲ್ಲಿ ಯಾಕೆ ಆಗುವುದಿಲ್ಲ ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಜಯನಗರದ ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ತಮಗೆ ಬಂದ ಕರೆಯನ್ನು ನನಗೆ ಸಾಲು ಸಾಲಾಗಿ ಒಪ್ಪಿಸಿದರು. ಮೇಷ್ಟರ ಜ್ಞಾಪಕಶಕ್ತಿ ನೋಡಿ, ಒಂದು ಮಾತೂ ಬಿಡಲಿಲ್ಲ. ಹುಡುಗನದು ಅಚ್ಚ ಕನ್ನಡ. “ನಮಸ್ಕಾರ ಮೇಡಂ, ನಿಮ್ಮ ಬ್ಯಾಂಕಿನ ಫ್ರಾಡ್ ವಿಭಾಗದಿಂದ ಮಾತಾಡ್ತಿದೀನಿ. ಈಗ ಐದು ನಿಮಿಷದ ಹಿಂದೆ ಗುರುಗಾಂವ್‌ನಲ್ಲಿ ನಿಮ್ಮ ಕಾರ್ಡಿಂದ 49,999 ರೂಪಾಯಿ ಶಾಪಿಂಗ್ ಆಗಿದೆ. ನೀವೇ ಮಾಡಿದ್ದಾ?” ಇವರು “ಅಯ್ಯೋ, ಇಲ್ಲಪ್ಪ” ಎಂದರು. “ಗಾಬರಿ ಆಗ್ಬೇಡಿ ಮೇಡಂ, ನಾವಿದೀವಲ್ಲ. ಪೇಮೆಂಟ್ ಇನ್ನೂ ಹೋಲ್ಡಲ್ಲಿದೆ. ನಿಮ್ಮ ಕಾರ್ಡಿನ ಮೊದಲ ಆರು ಅಂಕಿ ನಾನು ಓದ್ತೀನಿ, ಸರಿ ಇದೆಯಾ ನೋಡ್ಕೊಳ್ಳಿ.” ಓದಿದ. ಸರಿಯಾಗಿತ್ತು! “ಉಳಿದದ್ದು ಸೆಕ್ಯುರಿಟಿ ಕಾರಣಕ್ಕೆ ನಾವು ಹೇಳೋ ಹಾಗಿಲ್ಲ, ನೀವೇ ಓದಿ ಕನ್‌ಫರ್ಮ್ ಮಾಡಿ.”

ಇಲ್ಲಿ ನಿಲ್ಲಿಸಿ. ಆ ಆರು ಅಂಕಿ ಅವನಿಗೆ ಹೇಗೆ ಗೊತ್ತಾಯಿತು? ಗೊತ್ತಾಗಲು ಅದರಲ್ಲಿ ಗುಟ್ಟೇನೂ ಇಲ್ಲ. ಕಾರ್ಡಿನ ಮೊದಲ ಅಂಕಿಗಳು ಬ್ಯಾಂಕು ಯಾವುದು, ಕಾರ್ಡು ಯಾವ ಬಗೆಯದು ಎಂದು ತೋರಿಸುವ ಸಂಖ್ಯೆ. ಅದೇ ಬ್ಯಾಂಕಿನ ಅದೇ ಬಗೆಯ ಕಾರ್ಡು ಇರುವ ಎಲ್ಲರಿಗೂ ಅವು ಒಂದೇ. ಬೇಕಿದ್ದರೆ ಅಂಥದೇ ಕಾರ್ಡಿರುವ ಪಕ್ಕದವರ ಜೊತೆ ಹೋಲಿಸಿ ನೋಡಿ. ಬೇಡ, ಇಲ್ಲಿ ಬೇಡ, ಮನೆಯಲ್ಲಿ! ನಿಮ್ಮ ಹೆಸರು, ಬಡಾವಣೆ, ಬ್ಯಾಂಕು ಯಾವುದು ಎನ್ನುವುದೂ ಹೀಗೇ. ನಾವು ಎಷ್ಟು ಅಂಗಡಿಗಳಲ್ಲಿ ಮೊಬೈಲ್ ನಂಬರು ಬರೆಸಿದ್ದೇವೆ, ಎಷ್ಟು ಕಡೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಎಂದು ಲೆಕ್ಕ ಇಟ್ಟವರು ಯಾರು? ಅವನಿಗೆ ನಿಮ್ಮ ವಿವರ ಗೊತ್ತಿದೆ ಎಂದ ಮಾತ್ರಕ್ಕೆ ಅವನು ಬ್ಯಾಂಕಿನವನಾಗುವುದಿಲ್ಲ.

ಮುಂದೆ ಕೇಳಿ. ಟೀಚರಮ್ಮ ಉಳಿದ ಹತ್ತು ಅಂಕಿ, ಕಾರ್ಡಿನ ಅವಧಿ, ಹಿಂದಿನ ಮೂರು ಅಂಕಿ ಎಲ್ಲ ಓದಿಬಿಟ್ಟರು. “ಈಗ ನಿಮಗೊಂದು ಕ್ಯಾನ್ಸಲೇಶನ್ ಕೋಡ್ ಬರುತ್ತೆ ಮೇಡಂ, ಬೇಗ ಹೇಳಿ, ಇಲ್ಲಾಂದ್ರೆ ದುಡ್ಡು ಹೋಗುತ್ತೆ” ಎಂದ. ಎಸ್‌ಎಂಎಸ್ ಬಂತು. ನಮ್ಮ ನಿಮ್ಮಂಥವರು ಆರು ಅಂಕಿ ಮಾತ್ರ ನೋಡುತ್ತೇವೆ. ಇವರು ಉತ್ತರಪತ್ರಿಕೆ ತಿದ್ದಿ ಅಭ್ಯಾಸ ಇದ್ದವರು, ಪೂರ್ತಿ ಓದಿದರು. “ಅಲ್ಲಪ್ಪಾ, ಇದರಲ್ಲಿ 49,999 ರೂಪಾಯಿ ಕಟ್ಟೋದಕ್ಕೆ ಒಟಿಪಿ ಅಂತ ಇದೆ. ನೀನು ಕ್ಯಾನ್ಸಲ್ ಅಂತೀಯಲ್ಲ?” “ಅದು ಸಿಸ್ಟಮ್ ಮೆಸೇಜ್ ಮೇಡಂ, ಹಾಗೇ ಬರೋದು.” “ಹಾಗೇ ಬರೋದಾದ್ರೆ ಹಾಗೇ ಇರಲಿ” ಎಂದು ಇಟ್ಟರಂತೆ. ಆಮೇಲೆ ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ ಕಾರ್ಡು ಬ್ಲಾಕ್ ಮಾಡಿಸಿದರು.

ಕರೆ ಬಂದಾಗ ಗುರುಗಾಂವ್‌ನಲ್ಲಿ ಯಾವ ಶಾಪಿಂಗೂ ಆಗಿರಲಿಲ್ಲ. ಅದು ಆಗಬೇಕಿದ್ದದ್ದು ಅವರ ಬಾಯಿಂದ ಒಟಿಪಿ ಬಿದ್ದ ಮೇಲೆ. ಕಳ್ಳತನ ಆಗಿದೆ ಎಂದು ಹೇಳಿಕೊಂಡೇ ಕಳ್ಳತನ ಮಾಡುವ ಉಪಾಯ ಇದು. ಒಟಿಪಿ ಸಂದೇಶ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರುವುದರಿಂದ ಮನೆಯ ಹಿರಿಯರು ಅಂಕಿ ಬಿಟ್ಟು ಬೇರೇನೂ ಓದುವುದಿಲ್ಲ ಎನ್ನುವುದೂ ಇವರಿಗೆ ಚೆನ್ನಾಗಿ ಗೊತ್ತು. ಬ್ಯಾಂಕುಗಳು ಇದನ್ನು ಕನ್ನಡದಲ್ಲಿ, ಯಾರಿಗೂ ಅರ್ಥವಾಗುವ ಹಾಗೆ ಕಳಿಸಬೇಕು ಎಂದು ನಾನು ಬಹಳ ದಿನದಿಂದ ಗೊಣಗುತ್ತಿದ್ದೇನೆ.

ಹಾಗಾದರೆ ಅಸಲಿ ಕರೆ ಬರುವುದೇ ಇಲ್ಲವೇ? ಬರುತ್ತದೆ. ‘ಬ್ಯಾಂಕಿನವರು ಫೋನೇ ಮಾಡಲ್ಲ’ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತು ಸರಿಯಲ್ಲ. ನಿಮ್ಮ ಖರ್ಚಿನ ರೀತಿಗೆ ಹೊಂದದ ವ್ಯವಹಾರ ಕಂಡರೆ ಬ್ಯಾಂಕಿನ ಕಂಪ್ಯೂಟರ್ ಅದನ್ನು ತಡೆಹಿಡಿಯುತ್ತದೆ, ಸಂದೇಶ ಕಳಿಸುತ್ತದೆ, ಕೆಲವೊಮ್ಮೆ ಕರೆಯೂ ಬರುತ್ತದೆ. ಆ ಕರೆ ಬಹಳ ನೀರಸ. ಇಂಥ ಹೊತ್ತಿಗೆ ಇಷ್ಟು ಮೊತ್ತ, ಇದು ನಿಮ್ಮದೇ? ಹೌದು ಅಥವಾ ಅಲ್ಲ. ಎಷ್ಟೋ ಸಲ ಮನುಷ್ಯರೂ ಇರುವುದಿಲ್ಲ, ಒಂದು ಒತ್ತಿ, ಎರಡು ಒತ್ತಿ, ಅಷ್ಟೇ. ಅಲ್ಲ ಎಂದರೆ ಕಾರ್ಡು ಬ್ಲಾಕ್ ಮಾಡುತ್ತಾರೆ. ಕಾರ್ಡಿನ ಲೆಕ್ಕವೆಲ್ಲ ಅವರದೇ ಕಂಪ್ಯೂಟರಿನಲ್ಲಿದೆ, ಬ್ಲಾಕ್ ಮಾಡಲು ನಿಮ್ಮ ಪಿನ್ ಯಾಕೆ ಬೇಕು? ಹಣ ವಾಪಸ್ ಪಡೆಯುವುದಕ್ಕೂ ಯುಪಿಐ ಪಿನ್ ಬೇಡ. ಪಿನ್ ಒತ್ತುವುದು ಹಣ ಹೋಗುವಾಗ, ಹಣ ಬರುವಾಗ ಅಲ್ಲ. ನಿಮ್ಮ ಹಣವನ್ನು ‘ಸೇಫ್ ಅಕೌಂಟ್’ಗೆ ವರ್ಗಾಯಿಸಿ ಎಂದು ಯಾವ ಬ್ಯಾಂಕೂ ಹೇಳುವುದಿಲ್ಲ, ಅಂಥ ಖಾತೆಯೇ ಇಲ್ಲ. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಕೊಳ್ಳಿ ಎಂದರೂ ಅಷ್ಟೇ. ಅದರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಅದನ್ನು ಹಾಕಿಕೊಂಡು ಅವನು ಕೇಳಿದ ಕೋಡ್ ಕೊಟ್ಟರೆ ನಿಮ್ಮ ಪರದೆ ಅವನ ಪರದೆಯಾಗುತ್ತದೆ, ಒಟಿಪಿಯನ್ನು ನೀವು ಬಾಯಿಬಿಟ್ಟು ಹೇಳುವ ಅಗತ್ಯವೂ ಇರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕೆವೈಸಿ ಹೆಸರಿನ ಎಪಿಕೆ ಫೈಲು, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲು, ಬಂದರೆ ಮುಟ್ಟಲೇಬೇಡಿ.

ಇಲ್ಲಿ ಬ್ಯಾಂಕುಗಳನ್ನೂ ಸ್ವಲ್ಪ ಬೈಯಬೇಕು. ಅಸಲಿ ಕರೆ ಮಾಡಿದವರೂ ಮೊದಲು “ವೆರಿಫಿಕೇಶನ್‌ಗೆ ನಿಮ್ಮ ಹುಟ್ಟಿದ ದಿನಾಂಕ ಹೇಳಿ ಸರ್” ಎನ್ನುತ್ತಾರೆ. ಕರೆ ಮಾಡಿದವನು ನೀನು, ನೀನು ಯಾರೆಂದು ನಾನು ಕೇಳಬೇಕೋ, ನಾನು ಯಾರೆಂದು ನೀನು ಕೇಳಬೇಕೋ? ಗ್ರಾಹಕರಿಗೆ ಈ ಕೆಟ್ಟ ಅಭ್ಯಾಸ ಹಚ್ಚಿದವರು ಬ್ಯಾಂಕಿನವರೇ. ಆ ಪ್ರಶ್ನೆಗೂ ಉತ್ತರ ಕೊಡಬೇಡಿ. “ನಾನೇ ಬ್ಯಾಂಕಿಗೆ ಫೋನ್ ಮಾಡ್ತೀನಿ” ಎನ್ನಿ. ನಿಜವಾದ ಸಿಬ್ಬಂದಿ “ಆಗಲಿ ಸರ್” ಎಂದು ಇಡುತ್ತಾರೆ. “ಲೈನ್ ಕಟ್ ಮಾಡಿದ್ರೆ ಅಕೌಂಟ್ ಫ್ರೀಜ್ ಆಗುತ್ತೆ” ಎಂದವನ ಬಗ್ಗೆ ಇನ್ನು ಯೋಚಿಸುವುದೇ ಬೇಡ. “ಪೊಲೀಸರಿಗೆ ಲೈನ್ ಕೊಡ್ತೀನಿ” ಎಂದು ಯೂನಿಫಾರ್ಮ್ ತೊಟ್ಟವನನ್ನು ವಿಡಿಯೊದಲ್ಲಿ ತೋರಿಸಿದರೂ ಹೆದರಬೇಡಿ. ವಿಡಿಯೊ ಕರೆಯಲ್ಲೇ ಬಂಧಿಸಿದ್ದೇವೆ ಎನ್ನುವ ಈ ‘ಡಿಜಿಟಲ್ ಅರೆಸ್ಟ್’ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ನಂಬರಿನ ವಿಚಾರ. ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿ, ವ್ಯವಹಾರ ಮತ್ತು ಸೇವೆಯ ಕರೆಗಳನ್ನು 1600ರಿಂದ ಶುರುವಾಗುವ ಸಂಖ್ಯೆಗಳಿಂದಲೇ, ಸಾಲ-ಕಾರ್ಡು ಮಾರುವ ಪ್ರಚಾರದ ಕರೆಗಳನ್ನು 140ರ ಸಂಖ್ಯೆಗಳಿಂದಲೇ ಮಾಡಬೇಕು ಎಂದಿದೆ. ಒಳ್ಳೆಯ ಕ್ರಮ. ‘ಫ್ರಾಡ್ ವಿಭಾಗ’ ಎಂದು ಹೇಳಿಕೊಂಡು ಮಾಮೂಲಿ ಹತ್ತು ಅಂಕಿಯ ಮೊಬೈಲಿನಿಂದ ಮಾತಾಡುವವನನ್ನು ಅಲ್ಲೇ ಬಿಡಬಹುದು. ಆದರೆ 1600 ಕಂಡಿತೆಂದು ಒಟಿಪಿ ಕೊಡಬೇಡಿ. ಇಂಟರ್ನೆಟ್ ಮೂಲಕ ಮಾಡುವ ಕರೆಯಲ್ಲಿ ಬೇರೆ ನಂಬರು ಕಾಣುವಂತೆ ಮಾಡುವ ಕೈಚಳಕ ಹಳೆಯದು. ವಿದೇಶದಿಂದ ಭಾರತದ ನಂಬರಿನ ವೇಷದಲ್ಲಿ ಬರುವ ಕರೆಗಳನ್ನು ತಡೆಯಲು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಪ್ರತ್ಯೇಕ ವ್ಯವಸ್ಥೆಯನ್ನೇ ತರಬೇಕಾಯಿತು. ಟ್ರೂಕಾಲರ್‌ನಲ್ಲಿ ಬ್ಯಾಂಕಿನ ಲೋಗೊ ಕಂಡಿತು ಎನ್ನುವುದೂ ಸಾಕ್ಷಿಯಲ್ಲ.

ಮರುಕರೆ ಮಾಡುವಾಗಲೂ ಎಡವುವ ಜಾಗಗಳಿವೆ. ‘ಕಸ್ಟಮರ್ ಕೇರ್ ನಂಬರ್’ ಎಂದು ಗೂಗಲ್‌ನಲ್ಲಿ ಹುಡುಕಬೇಡಿ. ಕಳ್ಳರು ತಮ್ಮ ನಂಬರುಗಳನ್ನು ಅಲ್ಲೂ ಬಿತ್ತಿರುತ್ತಾರೆ. ಕಾರ್ಡಿನ ಹಿಂಬದಿ ನೋಡಿ, ಪಾಸ್‌ಬುಕ್ ನೋಡಿ, ಇಲ್ಲವೇ ಬ್ಯಾಂಕಿನ ಜಾಲತಾಣಕ್ಕೆ ಹೋಗಿ. ಬ್ಯಾಂಕುಗಳ ಜಾಲತಾಣದ ವಿಳಾಸ ಈಗ ‘.ಬ್ಯಾಂಕ್.ಇನ್’ ಎಂದು ಕೊನೆಯಾಗಬೇಕು, ಇಂಗ್ಲಿಷ್ ಅಕ್ಷರದಲ್ಲಿ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು.

ಇನ್ನೊಂದು ಕಳ್ಳದಾರಿ ಇದೆ. “ಸ್ಟಾರ್ 21 ಸ್ಟಾರ್ ಒತ್ತಿ ಈ ನಂಬರ್ ಡಯಲ್ ಮಾಡಿ” ಎನ್ನುತ್ತಾರೆ. ಅದು ನಿಮ್ಮ ಕರೆಗಳನ್ನೆಲ್ಲ ಅವನ ಫೋನಿಗೆ ತಿರುಗಿಸುವ ಕೋಡು. ಆಮೇಲೆ ಬ್ಯಾಂಕು ನಿಜವಾಗಿ ನಿಮ್ಮನ್ನು ಕರೆದರೆ ಹಲೋ ಎನ್ನುವವನು ಅವನು! ಸ್ಟಾರ್ 401ರಿಂದ ಶುರುವಾಗುವ ಕೋಡೂ ಇದೇ ಜಾತಿ. ಈ ಬಗೆಯ ಮೋಸ ಹೆಚ್ಚಿದ್ದಕ್ಕೇ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆ ಆದೇಶಿಸಿತು. ಅನುಮಾನವಿದ್ದರೆ ##002# ಒತ್ತಿ, ತಿರುಗಿಸಿದ್ದೆಲ್ಲ ರದ್ದಾಗುತ್ತದೆ. “ಬ್ಯಾಂಕಿನಿಂದ ಇನ್ನೊಂದು ಕಾಲ್ ಬರ್ತಿದೆ, ಮರ್ಜ್ ಮಾಡಿ” ಎಂದರೂ ಮಾಡಬೇಡಿ. ಆ ಇನ್ನೊಂದು ಕರೆ ಒಟಿಪಿಯನ್ನು ಯಂತ್ರ ಓದಿ ಹೇಳುವ ಕರೆ, ಮರ್ಜ್ ಆದರೆ ಅವನೂ ಕೇಳಿಸಿಕೊಳ್ಳುತ್ತಾನೆ.

ಇಷ್ಟಾದರೂ ಹಣ ಹೋಯಿತು ಎನ್ನಿ. ಆ ಕ್ಷಣ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಿರುತ್ತದೆ. ಎಟಿಎಮ್ಮಿನಿಂದ ನೋಟಾಗಿ ಹೊರಬರುವ ಮೊದಲು ಸಿಕ್ಕಿದ್ದನ್ನು ಅಲ್ಲೇ ತಡೆಹಿಡಿಸಲು ಆ ಸಹಾಯವಾಣಿ ಇರುವುದು. ಮೊತ್ತ, ಸಮಯ, ಎಸ್‌ಎಂಎಸ್‌ನಲ್ಲಿರುವ ವ್ಯವಹಾರ ಸಂಖ್ಯೆ ಕೈಯಲ್ಲಿರಲಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಬೆಂಗಳೂರಿನಲ್ಲಿ ಇಂಥದಕ್ಕೆ ಸೆನ್, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಪೊಲೀಸ್ ಠಾಣೆಗಳಿವೆ. ದೇಶದ ಮೊದಲ ಸೈಬರ್ ಠಾಣೆ 2001ರಲ್ಲಿ ಶುರುವಾದದ್ದೇ ನಮ್ಮ ಊರಿನಲ್ಲಿ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ನಿಮಗೆ ಗೊತ್ತಿರಬೇಕು. ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಬೇರೆ ಯಾರೋ ಹಣ ಹೊಡೆದಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. 4ರಿಂದ 7 ಕೆಲಸದ ದಿನವಾದರೆ, ಮಾಮೂಲಿ ಉಳಿತಾಯ ಖಾತೆಯವರು ಹೊರಬೇಕಾದದ್ದು ಹೆಚ್ಚೆಂದರೆ 10,000 ರೂಪಾಯಿ. ಒಟಿಪಿಯನ್ನು ನೀವೇ ಹೇಳಿದ್ದರೆ? ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಈ ನಿಯಮ ಹಿರಿಯರ ಪಾಲಿಗೆ ಕಠಿಣ ಎಂದೇ ನನ್ನ ಅಭಿಪ್ರಾಯ, ಆದರೆ ನಿಯಮ ಇರುವುದು ಹಾಗೆ. ಅದಕ್ಕೇ ಮನೆಯಲ್ಲಿ ಮಕ್ಕಳು ಬೈಯುತ್ತಾರೆಂದು ಎರಡು ದಿನ ಬಾಯಿ ಮುಚ್ಚಿಕೊಂಡು ಕೂರಬೇಡಿ. ಮಕ್ಕಳೇ, ಇಲ್ಲಿ ಬಂದಿರುವವರು ಕೇಳಿಸಿಕೊಳ್ಳಿ, “ಅಷ್ಟೂ ಗೊತ್ತಾಗಲ್ವಾ ಅಪ್ಪಾ” ಎನ್ನುವ ಮಾತನ್ನು 1930ಕ್ಕೆ ಕರೆ ಮಾಡಿದ ಮೇಲೆ ಹೇಳಿ.

ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿಯಿಲ್ಲ ಎನಿಸಿದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ಬರೆಯಬಹುದು, ಶುಲ್ಕವಿಲ್ಲ. ಇದೆಲ್ಲ ನಡೆಯುವಾಗ “ಸೈಬರ್ ಕ್ರೈಂನಿಂದ ಮಾತಾಡ್ತಿದೀವಿ, ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ ಸ್ವಲ್ಪ ಶುಲ್ಕ ಕಟ್ಟಿ” ಎಂದು ಇನ್ನೊಂದು ಕರೆ ಬರಬಹುದು. ಒಮ್ಮೆ ಕಳೆದುಕೊಂಡವರ ನಂಬರಿಗೆ ಕಳ್ಳರ ಪೇಟೆಯಲ್ಲಿ ಬೆಲೆ ಜಾಸ್ತಿ. ಅದಕ್ಕೂ ಮದ್ದು ಅದೇ: ಕಟ್ ಮಾಡಿ, ಠಾಣೆಗೆ ನೀವೇ ಕರೆ ಮಾಡಿ ಕೇಳಿ.

ಹೊರಡುವ ಮೊದಲು ಕಾರ್ಡು ತೆಗೆದು ಹಿಂದಿನ ನಂಬರನ್ನು ಮೊಬೈಲಿನಲ್ಲಿ ಬ್ಯಾಂಕಿನ ಹೆಸರಿಗೆ ಸೇವ್ ಮಾಡಿಕೊಳ್ಳಿ. ಕನ್ನಡಕ ಮರೆತು ಬಂದವರಿಗೆ ಪಕ್ಕದಲ್ಲಿರುವ ಹುಡುಗರು ಅಂಕಿ ಓದಿ ಹೇಳುತ್ತಾರೆ. ಹಿಂದಿನ ಮೂರು ಅಂಕಿ ಮಾತ್ರ ಹೆಬ್ಬೆರಳಿನಿಂದ ಮುಚ್ಚಿಕೊಂಡು ತೋರಿಸಿ. ಈಗ ನಿಮ್ಮ ಪ್ರಶ್ನೆಗಳು. ಮೂರನೇ ಸಾಲಿನ ಅಮ್ಮ ಆಗಿನಿಂದ ಕೈ ಎತ್ತಿದ್ದಾರೆ, ಅವರಿಗೆ ಮೈಕ್ ಕೊಡಿ.